ಹಡಗಿನ ದಾರಿ ಮತ್ತು ಹೆಣಿಗೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಮುದ್ರದ ಅನುಭವಗಳು’. ಬಿರುಗಾಳಿ, ಕಡಲ್ಗಳ್ಳರು, ತಿಮಿಂಗಿಲ ಎಲ್ಲ ಬರುತ್ತದೆ ಎಂದುಕೊಂಡು ಮಕ್ಕಳು ಮುಂದೆ ಬಂದು ಕೂತಿದ್ದಾರೆ. ತಿಮಿಂಗಿಲ ನೋಡಿದ್ದೇನೆ ಮಕ್ಕಳೇ. ದೂರದಿಂದ ಅದರ ಬೆನ್ನು ನಮ್ಮ ಕೆರೆಯಲ್ಲಿ ಮುಳುಗಿ ಎದ್ದ ಎಮ್ಮೆಯ ಹಾಗೇ ಕಾಣುತ್ತದೆ. ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಹಡಗಿಗೆ ಹೋಗಿ ಸೇರುವ ದಾರಿಯ ಬಗ್ಗೆ, ಆ ದಾರಿಯಲ್ಲಿ ಕೂತು ನಾನು ಹೆಣೆಯುವ ಟೋಪಿ, ಸ್ವೆಟರ್‌ಗಳ ಬಗ್ಗೆ. ನಗಬೇಡಿ. ನಕ್ಕರೂ ಪರವಾಗಿಲ್ಲ, ಇಪ್ಪತ್ತು ವರ್ಷದಿಂದ ಅಭ್ಯಾಸವಾಗಿದೆ.

ಮಂಡ್ಯ ಜಿಲ್ಲೆಯವನು ಹಡಗಿಗೆ ಹೇಗೆ ಹೋದ ಎಂದು ಎಲ್ಲರೂ ಕೇಳುತ್ತಾರೆ. ನಮಗೆ ಗೊತ್ತಿರುವ ನೀರು ಎಂದರೆ ಕಾವೇರಿ, ಹೇಮಾವತಿ, ನಾಲೆ ನೀರು, ತೊಣ್ಣೂರು ಕೆರೆ. ಗೊತ್ತಿರುವ ದೋಣಿ ಎಂದರೆ ಹರಿಗೋಲು. ಸಮುದ್ರ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಘಟ್ಟ. ಆದರೆ ಇದೇ ಶ್ರೀರಂಗಪಟ್ಟಣದಲ್ಲಿ ಕೂತು 1796ರಲ್ಲಿ ಟಿಪ್ಪು ಸುಲ್ತಾನ್ ನೌಕಾಪಡೆಗೆಂದೇ ಒಂದು ಮಂಡಳಿ ರಚಿಸಿ, ಪಶ್ಚಿಮ ಕರಾವಳಿಯಲ್ಲಿ 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟು ಕಟ್ಟಿ ಎಂದು ಹುಕುಂ ಹೊರಡಿಸಿದ್ದನು. ಮೂರೇ ವರ್ಷಕ್ಕೆ ಪಟ್ಟಣ ಬಿತ್ತು, ಅದು ಬೇರೆ ಮಾತು. ನನ್ನ ಹೆಂಡತಿಯ ತವರು ಶ್ರೀರಂಗಪಟ್ಟಣ. ಹುಡುಗ ಹಡಗಿನವನು ಎಂದು ಕೇಳಿ ಅವರ ಮನೆಯಲ್ಲಿ ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದಾಗ ನಾನು ಈ ಟಿಪ್ಪುವಿನ ಕಥೆ ಹೇಳಿದೆ. ಅಷ್ಟಕ್ಕೇ ಒಪ್ಪಿದರು ಎಂದೇನೂ ನಾನು ಹೇಳುವುದಿಲ್ಲ.

ನನಗೆ ಸಮುದ್ರ ತೋರಿಸಿದ್ದು ಈ ಶಾಲೆಯೇ. ಒಂಬತ್ತನೇ ತರಗತಿಯ ಪ್ರವಾಸದಲ್ಲಿ ಧರ್ಮಸ್ಥಳ ಮುಗಿಸಿ ಪಣಂಬೂರಿಗೆ ಹೋಗಿದ್ದೆವು. ನವಮಂಗಳೂರು ಬಂದರಿನ ಹೊರಗೆ ಲಂಗರು ಹಾಕಿದ್ದ ಹಡಗುಗಳನ್ನು ತೋರಿಸಿ, ‘ಅದರೊಳಗೂ ಜನ ಇರ್ತಾರೆ ಕಣ್ರೋ’ ಎಂದರು ಭೂಗೋಳದ ಮೇಷ್ಟ್ರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಕಡ್ಡಿ ಹಿಡಿಸಿದ್ದೂ ಈ ಶಾಲೆಯೇ. ಆಗ ಪಾಂಡವಪುರ, ಕೆ.ಆರ್.ಪೇಟೆ ಎರಡೂ ತಾಲ್ಲೂಕಿನ ಅಂಚಿನ ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದೆವು. ಕೊನೆಯ ಪೀರಿಯಡ್ಡಿನಲ್ಲಿ ಹೊಲಿಗೆ ಮೇಡಂ ಹುಡುಗಿಯರಿಗೆ ಉಣ್ಣೆ ಹೆಣಿಗೆ ಕಲಿಸುತ್ತಿದ್ದರು, ಹುಡುಗರು ತೋಟಕ್ಕೆ ನೀರು ಹೊರಬೇಕಿತ್ತು. ಕಾಲಿಗೆ ಪೆಟ್ಟಾಗಿ ಒಂದು ತಿಂಗಳು ನಾನು ಒಳಗೇ ಕೂರಬೇಕಾಯಿತು. ಮೇಡಂ ಸೈಕಲ್ಲಿನ ಎರಡು ಕಡ್ಡಿ ಕೊಟ್ಟು ‘ಸೀದಾ ಎರಡು, ಉಲ್ಟಾ ಎರಡು, ಹಾಕು’ ಎಂದರು. ಹುಡುಗರು ಆಡಿಕೊಂಡರು. ನಾಗಮಂಗಲದ ನನ್ನ ಅಜ್ಜಿಯ ಊರಿನಲ್ಲಿ ಕುರಿ ಕಾಯುವ ಹಿರಿಯರು ನಡೆಯುತ್ತಲೇ ತಕಲಿಯಲ್ಲಿ ಕಂಬಳಿಗೆ ಉಣ್ಣೆ ನೂಲುತ್ತಿದ್ದುದನ್ನು ನಾನು ನೋಡಿದ್ದೆ. ಮೀಸೆ ಹೊತ್ತ ಆ ಗಂಡಸರನ್ನು ಯಾರೂ ಆಡಿಕೊಂಡದ್ದು ನೋಡಿರಲಿಲ್ಲ. ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಕಾಲು ವಾಸಿಯಾದ ಮೇಲೆ ಎಲ್ಲ ಮರೆತೂಹೋಯಿತು.

ಹತ್ತಾರು ವರ್ಷ ಬಿಟ್ಟು ಅದು ನೆನಪಾಗಿದ್ದು ಅಮೆರಿಕದ ನೂವಾರ್ಕ್ ಬಂದರಿನಲ್ಲಿ. ಡಿಸೆಂಬರ್ ತಿಂಗಳು, ಡೆಕ್ ಮೇಲೆ ಮಂಜುಗಡ್ಡೆ. ನ್ಯೂಯಾರ್ಕಿನಲ್ಲಿ ನಾವಿಕರಿಗಾಗಿ ಇರುವ ಒಂದು ಹಳೆಯ ಸಂಸ್ಥೆ 1898ರಿಂದ ಕ್ರಿಸ್‌ಮಸ್ ಹೊತ್ತಿಗೆ ಹಡಗಿನವರಿಗೆ ಉಡುಗೊರೆ ಹಂಚುತ್ತಾ ಬಂದಿದೆ. ಅದಕ್ಕಾಗಿ ಊರೂರಿನ ಜನ ಮನೆಯಲ್ಲಿ ಕೂತು ಟೋಪಿ, ಮಫ್ಲರ್ ಹೆಣೆದು ಕಳಿಸುತ್ತಾರೆ. ನನಗೊಂದು ನೀಲಿ ಟೋಪಿ ಬಂತು. ತಿರುಗಿಸಿ ನೋಡಿದರೆ ಅಂಚಿನಲ್ಲಿ ಸೀದಾ ಎರಡು, ಉಲ್ಟಾ ಎರಡು! ನಮ್ಮ ಮೇಡಂ ಹೇಳಿಕೊಟ್ಟ ಅದೇ ಪಟ್ಟಿ. ಹೆಣೆದವರ ಹೆಸರಿಲ್ಲ, ಕೇಳುವವರೂ ಇಲ್ಲ. ಮುಂದಿನ ಬಂದರಿನಲ್ಲಿ ಉಣ್ಣೆ ಕೊಂಡೆ. ಕಡ್ಡಿಯನ್ನು ಹಡಗಿನ ಫಿಟ್ಟರ್ ಮಾಡಿಕೊಟ್ಟ. ವೆಲ್ಡಿಂಗಿಗೆ ಬಳಸುವ 3.2 ಮಿಲಿಮೀಟರ್ ಸ್ಟೀಲ್ ಸರಳನ್ನು ತುದಿ ಉಜ್ಜಿ, ನುಣುಪು ಮಾಡಿ ಕೊಟ್ಟ. ಈಗಲೂ ಅವೇ ನನ್ನ ಹತ್ತಿರ ಇವೆ. ವಿಮಾನದಲ್ಲಿ ಮಾತ್ರ ಅವು ಚೆಕ್-ಇನ್ ಪೆಟ್ಟಿಗೆಗೆ ಹೋಗುತ್ತವೆ, ಕೈಚೀಲದಲ್ಲಿ ಬಿದಿರಿನದು. ಅದನ್ನೂ ಎರಡು ಸಲ ತಪಾಸಣೆಯಲ್ಲಿ ಬಿಟ್ಟುಬಂದಿದ್ದೇನೆ.

ಈಗ ದಾರಿಯ ವಿಷಯ. ಹಡಗಿನ ಕೆಲಸ ಎಂದರೆ ಮನೆ ಬಾಗಿಲಿಗೆ ಹಡಗು ಬರುವುದಿಲ್ಲ. ಹೊರಡು ಎಂದು ಫೋನ್ ಬಂದರೆ ಎರಡು ದಿನದಲ್ಲಿ ಹೊರಡಬೇಕು. ಊರಿನ ಬಸ್ಸು, ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು, ಬೆಂಗಳೂರು, ಅಲ್ಲಿಂದ ಮುಂಬಯಿ, ಮೆಡಿಕಲ್, ಕಾಗದಪತ್ರ. ಆಮೇಲೆ ಯಾವುದೋ ದೇಶದ ಹೋಟೆಲು. ಹಡಗು ನಾಳೆ ಬರುತ್ತದೆ ಎನ್ನುತ್ತಾರೆ, ನಾಲ್ಕು ದಿನ ಬರುವುದಿಲ್ಲ. ಕೊನೆಗೆ ನಡುರಾತ್ರಿ ಸಣ್ಣ ಲಾಂಚಿನಲ್ಲಿ ಕೂರಿಸಿ, ಲಂಗರು ಹಾಕಿದ ಹಡಗಿನ ಪಕ್ಕಕ್ಕೆ ಒಯ್ದು, ಹಗ್ಗದ ಏಣಿ ಹತ್ತು ಎನ್ನುತ್ತಾರೆ. ಹಡಗಿನ ಅಂಚು ನೀರಿನಿಂದ 9 ಮೀಟರಿಗಿಂತ ಎತ್ತರ ಇದ್ದರೆ ಹಗ್ಗದ ಏಣಿಯೊಂದೇ ಸಾಲದು, ಜೊತೆಗೆ ಮೆಟ್ಟಿಲೂ ಇಳಿಬಿಡಬೇಕು ಎಂದು ನಿಯಮವಿದೆ. ಹತ್ತುವವನಿಗೆ ಅದೇನೂ ನೆನಪಿರುವುದಿಲ್ಲ. ಕೆಳಗೆ ನೋಡಬಾರದು ಎನ್ನುವುದಷ್ಟೇ ನೆನಪಿರುತ್ತದೆ.

ಆ ನಾಲ್ಕು ದಿನದ ಹೋಟೆಲಿನಲ್ಲಿ, ವಿಮಾನ ನಿಲ್ದಾಣದ ಬೆಂಚಿನ ಮೇಲೆ ನೀವು ಮನೆಯವರೂ ಅಲ್ಲ, ಹಡಗಿನವರೂ ಅಲ್ಲ. ಹಡಗು ಹತ್ತಿದ ಮೇಲೆ ಕೆಲಸ ಇರುತ್ತದೆ, ದಿನ ಓಡುತ್ತದೆ. ನನ್ನ ಕಣ್ಣ ಮುಂದೆಯೇ ಹುಡುಗರು ಕೆಟ್ಟದ್ದು ಈ ನಡುವಿನ ಹೊತ್ತಿನಲ್ಲಿ. ಕುಡಿತ, ಇಸ್ಪೀಟು, ಸಾಲ. ನನಗೆ ಕಡ್ಡಿ ಇತ್ತು. ಒಂದು ಟೋಪಿಗೆ ಒಂದೂವರೆ ದಿನ, ಒಂದು ಮಕ್ಕಳ ಸ್ವೆಟರಿಗೆ ಎರಡು ವಾರ. ‘ಇನ್ನೂ ಎಷ್ಟು ದಿನ?’ ಎಂದು ಮನೆಯಿಂದ ಕೇಳಿದರೆ ‘ಎರಡು ಸ್ವೆಟರ್’ ಎನ್ನುತ್ತಿದ್ದೆ.

ಹಡಗಿನಲ್ಲಿ ನಾನು ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ. ಹಗ್ಗ ಹೆಣೆಯುವುದು, ಕಿತ್ತ ಹಗ್ಗ ಸೇರಿಸುವುದು ನಮ್ಮ ಕಸುಬೇ. ಹೀಗಾಗಿ ಉಣ್ಣೆಯ ಎಳೆ ಹಿಡಿದವನನ್ನು ಹಡಗಿನವರು ಹೆಚ್ಚು ದಿನ ನಗುವುದಿಲ್ಲ. ಆದರೆ ನನ್ನ ಡೆಕ್ ಮೇಲೆ ಟೋಪಿಗೆ ಮಾತ್ರ ಅನುಮತಿ, ಮಫ್ಲರಿಗೆ ಇಲ್ಲ. ಹಗ್ಗ ಎಳೆಯುವ ವಿಂಚಿಗೆ ಅದರ ತುದಿ ಸಿಕ್ಕಿದರೆ ಕುತ್ತಿಗೆಯೂ ಜೊತೆಗೇ ಹೋಗುತ್ತದೆ.

ಇನ್ನು 2020ರ ಮಾತು. ನಾನು 2019ರ ನವೆಂಬರಿನಲ್ಲಿ ಎಂಟು ತಿಂಗಳ ಕರಾರಿಗೆ ಹೋಗಿದ್ದೆ. ಮಗಳಿಗೆ ಮೂರು ತುಂಬಲು ಮೂರು ತಿಂಗಳು ಬಾಕಿ ಇತ್ತು. ಜುಲೈಗೆ ಬಂದುಬಿಡುತ್ತೇನೆಂದು ಲೆಕ್ಕ ಹಾಕಿ, 66 ಹೊಲಿಗೆ ಎತ್ತಿ ಅವಳಿಗೊಂದು ಹಳದಿ ಸ್ವೆಟರ್ ಶುರುಮಾಡಿದೆ. ಮಾರ್ಚಿನಲ್ಲಿ ವಿಮಾನ ನಿಂತವು, ಬಂದರುಗಳು ಬಾಗಿಲು ಹಾಕಿದವು. ಸರಕು ಇಳಿಸಿಕೊಳ್ಳುತ್ತಿದ್ದರು, ಜನರನ್ನು ಇಳಿಸುತ್ತಿರಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಹಡಗಿನಲ್ಲೇ ಸಿಕ್ಕಿಕೊಂಡಿದ್ದರು. ನೀವು ಲಾಕ್‌ಡೌನಿನಲ್ಲಿ ತಿಂದ ಬೇಳೆ, ಎಣ್ಣೆ, ಹೊಲಕ್ಕೆ ಹಾಕಿದ ಗೊಬ್ಬರದಲ್ಲಿ ಒಂದಷ್ಟು ಪಾಲು ಆ ಜನ ತಂದದ್ದು. ಆಗ ಅವರ ವಿಷಯ ಟಿ.ವಿ.ಯಲ್ಲಿ ಬಂದದ್ದು ಕಡಿಮೆ.

ಜುಲೈ ಹೋಯಿತು. ಫೋನಿನಲ್ಲಿ ಮಗಳು ಉದ್ದವಾಗಿದ್ದಳು. ಸ್ವೆಟರ್ ಬಿಚ್ಚಿದೆ, 70 ಹೊಲಿಗೆ ಎತ್ತಿದೆ. ಸೆಪ್ಟೆಂಬರ್ ಎಂದರು, ಅದೂ ಹೋಯಿತು. ಮತ್ತೆ ಬಿಚ್ಚಿ 74 ಎತ್ತಿದೆ. ಈ ಸಲ ನೂಲು ಸಾಲಲಿಲ್ಲ, ದಡಕ್ಕೆ ಇಳಿದು ಕೊಳ್ಳುವಂತೆಯೂ ಇರಲಿಲ್ಲ. ಆ ನೂವಾರ್ಕಿನ ನೀಲಿ ಟೋಪಿಯನ್ನು ಬಿಚ್ಚಿ ಎರಡು ತೋಳಿನ ಪಟ್ಟಿ ಮಾಡಿದೆ.

ನಮ್ಮಲ್ಲಿ 22 ವರ್ಷದ ಒಬ್ಬ ಹುಡುಗ ಇದ್ದ, ಬೇರೆ ರಾಜ್ಯದವನು. ಅವನ ತಂದೆ ಆ ಆಗಸ್ಟಿನಲ್ಲಿ ತೀರಿಕೊಂಡರು. ಅವನು ಊಟ ಬಿಟ್ಟ, ರಾತ್ರಿ ಹಡಗಿನ ಹಿಂಭಾಗದಲ್ಲಿ ಒಬ್ಬನೇ ನಿಲ್ಲತೊಡಗಿದ. ಕ್ಯಾಪ್ಟನ್ನರು ಅವನಿಗೆ ದಿನಾ ಮನೆಗೆ ಮಾತಾಡುವ ಏರ್ಪಾಡು ಮಾಡಿದರು, ನಾವು ಪಾಳಿ ಹಾಕಿಕೊಂಡು ಜೊತೆಗಿದ್ದೆವು. ನನ್ನ ಪಾಳಿಯಲ್ಲಿ ಅವನ ಕೈಗೆ ಕಡ್ಡಿ ಕೊಟ್ಟೆ. ಹೆಣಿಗೆಯಿಂದ ಅವನು ಉಳಿದ ಎಂದು ನಾನು ಹೇಳಲಾರೆ. ಕೈ ಕೆಲಸದಲ್ಲಿದ್ದಾಗ ಅವನು ಅಪ್ಪನ ವಿಷಯ ಮಾತಾಡುತ್ತಿದ್ದ, ಅಷ್ಟು ಮಾತ್ರ ನಿಜ. ಈಗ ಅವನಿಗೆ ಮದುವೆಯಾಗಿದೆ, ಹಡಗಿನಲ್ಲೇ ಇದ್ದಾನೆ.

ಡಿಸೆಂಬರಿನಲ್ಲಿ, ಹದಿಮೂರು ತಿಂಗಳ ಮೇಲೆ, ಕೊಚ್ಚಿಯ ಹೊರಗೆ ನಮ್ಮನ್ನು ಇಳಿಸಿದರು. ಅಲ್ಲಿಂದ ಕಾರಿನಲ್ಲಿ ಮೈಸೂರು ದಾಟಿ, ಶ್ರೀರಂಗಪಟ್ಟಣದ ಸೇತುವೆ ಮೇಲೆ ಕಾವೇರಿ ಕಂಡಾಗ ಚಾಲಕ ‘ಯಾಕೆ ಸಾರ್ ಸುಮ್ಮನಾಗಿಬಿಟ್ರಿ’ ಎಂದ. ಮಗಳು ನನ್ನನ್ನು ನೋಡಿ ಅಮ್ಮನ ಹಿಂದೆ ಅಡಗಿ, ‘ಫೋನ್ ಅಪ್ಪ’ ಎಂದಳು. ಸ್ವೆಟರಿನ ತೋಳು ಉದ್ದವಾಗಿತ್ತು, ಎರಡು ಮಡಿಕೆ ಮಡಚಬೇಕಾಯಿತು. ನಮ್ಮೂರ ಚಳಿಗೆ ಅದು ಬೇಕೂ ಇರಲಿಲ್ಲ. ಆದರೂ ಯುಗಾದಿ ತನಕ ತೆಗೆಯಲಿಲ್ಲ.

ಹತ್ತನೇ ತರಗತಿಯ ಮಕ್ಕಳಿಗೂ ಅವರ ಅಪ್ಪಂದಿರಿಗೂ ಒಂದು ಮಾತು. ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ ಜಿ.ಪಿ. ರೇಟಿಂಗ್ ಎಂಬ ಆರು ತಿಂಗಳ ತರಬೇತಿ ಇದೆ. ಇಂಗ್ಲಿಷ್, ಗಣಿತ, ವಿಜ್ಞಾನ ಬೇಕು, ಬಣ್ಣ ಗುರುತಿಸುವ ಕಣ್ಣು ಬೇಕು. ತರಬೇತಿಗೆ ಶುಲ್ಕ ಇದೆ. ಆದರೆ ಹಡಗಿನ ಕೆಲಸ ಕೊಡಿಸಲು ನಾವಿಕನಿಂದ ಹಣ ಕೇಳುವುದು ಕಾನೂನಿಗೆ ವಿರುದ್ಧ. ಹಡಗಿಗೆ ಜನ ಕಳಿಸುವ ಕಂಪನಿಗೆ ಕೇಂದ್ರದ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು, ಪಟ್ಟಿ ಅವರ ಜಾಲತಾಣದಲ್ಲೇ ಸಿಗುತ್ತದೆ. ಲಕ್ಷಗಟ್ಟಲೆ ಕೊಟ್ಟರೆ ಕೆಲಸ ಎನ್ನುವವನು ಬಂದರೆ ಗದ್ದೆ ಅಡವಿಡುವ ಮೊದಲು ನನಗೊಂದು ಫೋನ್ ಮಾಡಿ. ಸಂಬಳದ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮಂಥ ಕರಾರಿನವರಿಗೆ ಹಡಗಿನಲ್ಲಿದ್ದಷ್ಟು ತಿಂಗಳು ಮಾತ್ರ ಸಂಬಳ. ಊರಲ್ಲಿ ಕೂತಿದ್ದಾಗ ನಾನೂ ನಿಮ್ಮ ಹಾಗೆಯೇ ಕಬ್ಬಿನ ದುಡ್ಡಿಗೆ ಕಾಯುವವನು.

ಊಟ ಆದ ಮೇಲೆ ಒಂಬತ್ತನೇ ತರಗತಿಯ ಕೊಠಡಿಯಲ್ಲಿ ಕೂತಿರುತ್ತೇನೆ. ಹಡಗಿನ ಕೆಲಸ ಕೇಳುವವರು ಅಂಕಪಟ್ಟಿ ತನ್ನಿ. ಹೆಣಿಗೆ ಕಲಿಯುವವರು ಬರಿಗೈಯಲ್ಲಿ ಬನ್ನಿ, ನೂಲು, ಕಡ್ಡಿ ನಾನೇ ತಂದಿದ್ದೇನೆ. ಹುಡುಗರೂ ಬರಬಹುದು.