ಗುರಿಗಣ್ಣಿನ ತಿರುಪು



ಹಿಂಗಾರಿ ಪೈರು ಎದ್ದು ನಿಂತ ಹೊತ್ತಿಗೆ ನಮ್ಮ ಕಡೆಯ ಎರೆ ಹೊಲಗಳಿಗೆ ಚಿಗರಿ ಹಿಂಡು ಇಳಿಯುವುದು ರೈತರಿಗೆಲ್ಲ ಗೊತ್ತು. ಮರದ ಮರೆಯಿಲ್ಲದ ಬಯಲಿದು. ಇನ್ನೂರು ಗಜ ದೂರ ನಿಂತ ಪ್ರಾಣಿಯೂ ಕೈಗೆ ಸಿಕ್ಕಂತೆಯೇ ಕಾಣುತ್ತದೆ. ಆದರೆ ಗುಂಡು ಅಷ್ಟು ದೂರ ನೆಟ್ಟಗೆ ಹೋಗುವುದಿಲ್ಲ, ನಳಿಗೆ ಬಿಟ್ಟ ಕ್ಷಣದಿಂದಲೇ ಕೆಳಗಿಳಿಯುತ್ತ ಹೋಗುತ್ತದೆ. ಆ ಇಳಿತವನ್ನು ಲೆಕ್ಕಕ್ಕೆ ಹಿಡಿಯಲು ಮನುಷ್ಯ ಪಟ್ಟ ಪಾಡೇ ಬಂದೂಕಿನ ಗುರಿಗಣ್ಣಿನ ಚರಿತ್ರೆ.

ನಮ್ಮ ಹಳೆಯ ತುಪಾಕಿಗಳಿಗೆ ಗುರಿಗಣ್ಣಿನ ಹಂಗು ಅಷ್ಟಿರಲಿಲ್ಲ, ಹತ್ತಿರದಿಂದ ಹೊಡೆಯುವವನಿಗೆ ಕೈಯ ಅಂದಾಜೇ ಸಾಕಾಗುತ್ತಿತ್ತು. 1853ರ ಎನ್‌ಫೀಲ್ಡ್ ರೈಫಲ್ ಬಂದಾಗ ಅದರ ಬೆನ್ನ ಮೇಲೆ ದೂರದ ಅಂಕಿ ಕೊರೆದ ಮಡಚುವ ಏಣಿ ಇತ್ತು. ದೂರ ಹೆಚ್ಚಿದಂತೆ ಏಣಿಯ ಮೇಲಿನ ಪಟ್ಟಿಯನ್ನು ಮೇಲಕ್ಕೆ ಸರಿಸಬೇಕಿತ್ತು. ಅದೇ ರೈಫಲ್ಲಿನ ತೋಟಾದಿಂದ 1857ರ ದಂಗೆ ಹೊತ್ತಿತು. ಅದೇ ವರ್ಷ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ಎದ್ದು ನಿಂತರು. ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಬೇಟೆಯೇ ಬದುಕಾಗಿದ್ದವರ ಕೈಯಿಂದ ಬಂದೂಕು ಹೋದದ್ದು ಹಾಗೆ. ಬೇಟೆ ಅಲ್ಲಿಂದ ಸಾಹೇಬರ ಮತ್ತು ಸಂಸ್ಥಾನಿಕರ ಶೋಕಿಯಾಯಿತು. ಅವರ ರೈಫಲ್ಲುಗಳಲ್ಲಿ ನೂರು, ಇನ್ನೂರು, ಮುನ್ನೂರು ಗಜಕ್ಕೆ ಒಂದೊಂದು ಮಡಚುವ ಎಲೆ ಇರುತ್ತಿತ್ತು. ನಡುವಿನ ದೂರಕ್ಕೆ ಮತ್ತೆ ಕಣ್ಣಂದಾಜೇ.

ಅಮೆರಿಕದ ವಿಲಿಯಂ ಮಾಲ್ಕಮ್ 1855ರ ಸುಮಾರಿಗೆ ಬಂದೂಕಿಗೆ ಉದ್ದನೆಯ ದುರ್ಬೀನು ಮಾಡತೊಡಗಿದ. ಅದರಲ್ಲಿ ಗುರಿ ತಿದ್ದಬೇಕೆಂದರೆ ಇಡೀ ಕೊಳವೆಯನ್ನೇ ತಿರುಪಿನಿಂದ ಕದಲಿಸಬೇಕಿತ್ತು. 1930ರಲ್ಲಿ ಬಿಲ್ ವೀವರ್ ಅಗ್ಗದ ದುರ್ಬೀನನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಸಾಮಾನ್ಯ ಬೇಟೆಗಾರನ ಕೈಗೂ ಬಂತು. ತಿದ್ದುವ ಕೆಲಸ ಕೊಳವೆಯ ಒಳಗೇ ಸೇರಿತು.

ಇಂದಿನ ದುರ್ಬೀನಿನ ಮೇಲಿರುವ ಗುಂಡಿಗೆ ಟರೆಟ್ ಎನ್ನುತ್ತಾರೆ. ಅದನ್ನು ತಿರುಗಿಸಿದರೆ ಒಳಗಿನ ತಿರುಪು ಸಣ್ಣ ಕೊಳವೆಯೊಂದನ್ನು ಒತ್ತುತ್ತದೆ, ಎದುರಿನ ಸ್ಪ್ರಿಂಗು ಅದನ್ನು ಮರಳಿ ಒತ್ತಿ ಹಿಡಿಯುತ್ತದೆ. ಬೆರಳಿಗೆ ‘ಕಟ್’ ಎಂದು ತಾಗುವ ಒಂದೊಂದು ಕ್ಲಿಕ್ಕಿಗೂ ಲೆಕ್ಕವಿದೆ. ಒಂದು ಡಿಗ್ರಿಯ 60ನೇ ಒಂದು ಪಾಲು ನೂರು ಗಜದಲ್ಲಿ ಒಂದು ಇಂಚಿಗಿಂತ ತುಸು ಹೆಚ್ಚು. ಬಹುತೇಕ ಬೇಟೆಯ ದುರ್ಬೀನಿನಲ್ಲಿ ಒಂದು ಕ್ಲಿಕ್ ಅದರ ಕಾಲು ಭಾಗ, ನಾಲ್ಕು ಕ್ಲಿಕ್ಕಿಗೆ ಒಂದಿಂಚು. ಇನ್ನೂರು ಗಜದಲ್ಲಿ ಎರಡೇ ಕ್ಲಿಕ್ಕು ಸಾಕು. ಮೆಟ್ರಿಕ್ ಪದ್ಧತಿಯಲ್ಲಾದರೆ ನೂರು ಮೀಟರಿಗೆ ಕ್ಲಿಕ್ಕಿಗೊಂದು ಸೆಂಟಿಮೀಟರು.

ನಮ್ಮಲ್ಲಿ ಇದರ ಬೇಟೆಯ ಉಪಯೋಗ ಮುಗಿದ ಮಾತು. 1972ರ ವನ್ಯಜೀವಿ ಕಾಯ್ದೆ ಚಿಗರಿಗೆ ರಕ್ಷಣೆ ಕೊಟ್ಟಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕೊಂದು ಅಭಯಾರಣ್ಯವೂ ಆಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯುವ ರೈತನಿಗೆಂದು ಹೆಸರಿಸಿದ್ದು ಬಾಯಿಂದ ಮದ್ದು ತುಂಬುವ ಬಂದೂಕನ್ನು, ದುರ್ಬೀನು ಹೊತ್ತ ರೈಫಲ್ಲನ್ನಲ್ಲ. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜ, ಆದರೆ ಅದಕ್ಕೆ ಪರಿಹಾರ ಸಿಗಬೇಕಾದದ್ದು ಸರಕಾರದಿಂದ, ಗುಂಡಿನಿಂದಲ್ಲ. ಕ್ಲಿಕ್ಕಿನ ವಿದ್ಯೆ ಬದುಕಿರುವುದು ಶೂಟಿಂಗ್ ರೇಂಜಿನಲ್ಲಿ. 2008ರ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನು ನಿಷಿದ್ಧ. ಆದರೂ ಅಲ್ಲಿನ ಕಿಂಡಿಗಣ್ಣನ್ನು ತಿದ್ದುವುದು ಇಂಥ ಕ್ಲಿಕ್ಕುಗಳಿಂದಲೇ, ಅರ್ಧ ಮಿಲಿಮೀಟರಿನ ಚುಕ್ಕೆಗಾಗಿ.

ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ನೆಲೆಸಿ ದುರ್ಬೀನು ಕೊಳ್ಳಹೊರಟವರಿಗೆ ನನ್ನದೊಂದು ಮಾತು. ಪೊದೆಗಾಡಿನಲ್ಲಿ ತಿರುಗುವವರಿಗೆ ಮುಚ್ಚಳವಿರುವ ಟರೆಟ್ಟೇ ಮೇಲು, ಕೊಂಬೆ ತಾಗಿ ತಿರುಗುವ ಭಯವಿಲ್ಲ. ತೆರೆದ ಟರೆಟ್ ಬೇಕೇ ಬೇಕೆಂದರೆ ಗುರಿ ಹೊಂದಿಸಿಟ್ಟ ಶೂನ್ಯದ ಹತ್ತಿರ ತಡೆದು ನಿಲ್ಲಿಸುವ ಕಚ್ಚು ಇರಲಿ. ಒಳಗಣ ಗೆರೆಯ ಅಳತೆಯೂ ಕ್ಲಿಕ್ಕಿನ ಅಳತೆಯೂ ಒಂದೇ ಪದ್ಧತಿಯದಾಗಿರಲಿ. ತಂದ ಮೇಲೆ ರೇಂಜಿನಲ್ಲಿ ಒಂದು ಗುಂಡು ಹೊಡೆದು, ಇಪ್ಪತ್ತು ಕ್ಲಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಗೆ, ಇಪ್ಪತ್ತು ಎಡಕ್ಕೆ ತಿರುಗಿಸುತ್ತ ಒಂದೊಂದು ಗುಂಡು ಹಾಕಿ. ಕೊನೆಯದು ಮೊದಲ ತೂತಿನ ಹತ್ತಿರಕ್ಕೆ ಮರಳದಿದ್ದರೆ, ಇನ್ನೊಮ್ಮೆ ಹೊಡೆದು ನೋಡಿ. ಆಗಲೂ ಮರಳದಿದ್ದರೆ ಆ ದುರ್ಬೀನನ್ನು ಅಂಗಡಿಗೆ ವಾಪಸು ಕೊಡಿ.