ಹಿತ್ತಲ ಶುಂಠಿ, ಪರದೇಶದ ಅಡುಗೆ

(ದೇರೆಬೈಲಿನಲ್ಲಿ ನೆರೆಹೊರೆಯವರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ನಾನು ಶಾಲೆಗೆ ಹೋಗುತ್ತಿದ್ದಾಗ ಲೆಕ್ಕ ತಪ್ಪಿದವರನ್ನು ಮಾಷ್ಟ್ರು ‘ಶುದ್ಧ ಶುಂಠಿ’ ಎಂದು ಬೈಯುತ್ತಿದ್ದರು. ಬಾಯಿಗಿಟ್ಟರೆ ನೆತ್ತಿಗೇರುವ ಚುರುಕಿನ ಈ ಬೇರಿಗೆ ಮಂಕುತನದ ಅಪಕೀರ್ತಿ ಹೇಗೆ ಅಂಟಿತೋ! ಇಂದು ಅದರ ಪರವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಇದಕ್ಕೆ ಕಾರಣ ನನ್ನ ಮೊಮ್ಮಗ. ಎರಡು ವರ್ಷಗಳ ಹಿಂದೆ ಒಂದು ಸಂಜೆ ಗಾಡಿಯಂಗಡಿಯಿಂದ ಗೋಬಿ ಮಂಚೂರಿ ತಿಂದು ಬಂದ. ಎರಡು ಸಲ ಸೋಪು ಹಾಕಿ ತೊಳೆದರೂ ಅವನ ಬೆರಳಿನ ಕೆಂಪು ಹೋಗಲಿಲ್ಲ. ಬೆರಳಿಗೇ ಹೀಗಾದರೆ ಹೊಟ್ಟೆಯ ಗತಿಯೇನು ಎಂದು ಯೋಚನೆಯಾಯಿತು. ಸ್ವಲ್ಪ ದಿನದಲ್ಲೇ, ೨೦೨೪ರ ಮಾರ್ಚ್‌ನಲ್ಲಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರಕಾರ ನಿಷೇಧಿಸಿತು. ಪರೀಕ್ಷಿಸಿದ ೧೭೧ ಮಾದರಿಗಳ ಪೈಕಿ ೧೦೭ರಲ್ಲಿ ಅಸುರಕ್ಷಿತ ಬಣ್ಣವಿತ್ತು. ಮೊಮ್ಮಗನಿಗೆ ‘ತಿನ್ನಬೇಡ’ ಎಂದರೆ ಕೇಳುವ ವಯಸ್ಸಲ್ಲ. ಹಾಗಾದರೆ ನಾವೇ ಮಾಡಿ ಬಡಿಸೋಣ ಎಂದುಕೊಂಡೆ.

ಈ ಮಂಚೂರಿಗೂ ಮಂಚೂರಿಯಾಕ್ಕೂ ಸಂಬಂಧವಿಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವರಾದ ನೆಲ್ಸನ್ ವಾಂಗ್ ೧೯೭೫ರ ಸುಮಾರಿಗೆ ಮುಂಬಯಿಯಲ್ಲಿ ಮೊದಲ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಪ್ರಚಲಿತ ಕಥೆ. ಹಸಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ನಮ್ಮವು. ಅವಕ್ಕೆ ಸೋಯಾ ಸಾಸು ಮತ್ತು ಮೆಕ್ಕೆಜೋಳದ ಹಿಟ್ಟು ಬಂದು ಸೇರಿದವು, ಅಷ್ಟೇ. ಆ ಮೂಲ ಅಡುಗೆಯ ಜೀವ ಶುಂಠಿ ಬೆಳ್ಳುಳ್ಳಿಯ ಘಮದಲ್ಲಿತ್ತು. ಕೆಂಪು ಬಣ್ಣ ಅಂಗಡಿಯ ಆಕರ್ಷಣೆಗೆ ಬಂದದ್ದು.

ಶುಂಠಿಗೂ ನಮ್ಮ ಊರಿಗೂ ಹಳೆಯ ನಂಟು. ಸುಮಾರು ೧೩೪೨ರಲ್ಲಿ ಈ ಕರಾವಳಿಗೆ ಬಂದ ಇಬ್ನ್ ಬತೂತ, ‘ಮಂಜರೂರಿನಲ್ಲಿ’ ಕರಿಮೆಣಸು ಮತ್ತು ಶುಂಠಿ ಹೇರಳವಾಗಿವೆ ಎಂದು ಬರೆದಿದ್ದಾನೆ. ಅದು ನಮ್ಮ ಮಂಗಳೂರೇ. ಕಲ್ಲಿಕೋಟೆಯಲ್ಲಿ ಅವನು ಚೀನೀ ಹಡಗುಗಳನ್ನು ಕಂಡ. ಅದರ ನಾವಿಕರು ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಿದ್ದರಂತೆ! ಕಾಸರಗೋಡಿನ ಮಲಯಾಳಿಗಳು ಇಂದಿಗೂ ಬಾಣಲೆಗೆ ‘ಚೀನ ಚಟ್ಟಿ’ ಎನ್ನುತ್ತಾರೆ. ಪಾತ್ರೆಯೂ ಪದಾರ್ಥವೂ ಹೀಗೆ ಒಟ್ಟಿಗೇ ಓಡಾಡಿದ ಮೇಲೆ ಚೀನೀ ಅಡುಗೆ ನಮಗೆ ಪರಕೀಯವಾಗುವುದು ಹೇಗೆ?

ಅಡುಗೆಗೆ ಇಳಿಯುವ ಮೊದಲು ಶುಂಠಿಯ ಸ್ವಭಾವ ತಿಳಿಯಬೇಕು. ಹಸಿ ಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್ ಎಂಬ ವಸ್ತು. ಒಣಗಿದಾಗ ಅದು ಇನ್ನೂ ತೀಕ್ಷ್ಣವಾದ ಶೋಗಾಲ್ ಆಗುತ್ತದೆ. ಬೇಯಿಸಿದಾಗ ಸ್ವಲ್ಪ ಭಾಗ ಜಿಂಜರೋನ್ ಆಗಿ ಖಾರ ಇಳಿದು ಸಿಹಿ ಕಂಪು ಬರುತ್ತದೆ. ‘ಶೋಗಾ’ ಎಂದರೆ ಜಪಾನೀ ಭಾಷೆಯಲ್ಲಿ ಶುಂಠಿ. ಹಸಿ ಶುಂಠಿ ಬೇಕಾದಲ್ಲಿ ಒಣ ಪುಡಿ ಹಾಕಿದರೆ ಕಷಾಯದ ವಾಸನೆ ಬರುವುದು ಇದರಿಂದಲೇ. ಪ್ಯಾಕೆಟ್ಟಿನ ಪೇಸ್ಟಿನಲ್ಲೂ ಆಗಷ್ಟೇ ಹೆಚ್ಚಿದ ಶುಂಠಿಯ ಘಮ ಇರದು.

ಶುಂಠಿಯಲ್ಲಿ ಜಿಂಜಿಬೇನ್ ಎಂಬ ಕಿಣ್ವವೂ ಇದೆ. ಹಸಿ ಶುಂಠಿ ಸೇರಿಸಿ ಹಾಲು ಕಾಯಿಸಿದರೆ ಒಡೆಯುವುದು ಅದರಿಂದ. ದಕ್ಷಿಣ ಚೀನಾದವರು ಇದೇ ಗುಣ ಬಳಸಿ, ಬಿಸಿ ಹಾಲನ್ನು ಶುಂಠಿ ರಸದ ಮೇಲೆ ಹೊಯ್ದು ಗಟ್ಟಿ ಸಿಹಿತಿಂಡಿ ಮಾಡುತ್ತಾರೆ. ನಾವು ಚಹಾಕ್ಕೆ ಮೊದಲು ನೀರಿನಲ್ಲಿ ಶುಂಠಿ ಕುದಿಸಿ, ಆಮೇಲೆ ಹಾಲು ಹಾಕುತ್ತೇವೆ. ಕುದಿಯುವಾಗ ಕಿಣ್ವ ಸಾಯುತ್ತದೆ, ಹಾಲು ಉಳಿಯುತ್ತದೆ. ನಮ್ಮ ಅಜ್ಜಿಯಂದಿರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಕ್ರಮ ಗೊತ್ತಿತ್ತು.

ಈ ಕಿಣ್ವವೇ ಮಾಂಸವನ್ನೂ ಮೆದುವಾಗಿಸುತ್ತದೆ. ಕೋಳಿಗೆ ಶುಂಠಿ ರಸ ಮತ್ತು ಸೋಯಾ ಸಾಸು ಹಚ್ಚಿ ಅರ್ಧ ಗಂಟೆ ಇಟ್ಟರೆ ಸಾಕು. ರಾತ್ರಿಯಿಡೀ ಇಟ್ಟರೆ ಹಿಟ್ಟಿನಂತಾದೀತು. ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಸಣ್ಣಗೆ ಹೆಚ್ಚಿದ ಶುಂಠಿ, ಬೆಳ್ಳುಳ್ಳಿ ಹಾಕಿ. ಘಮ ಬಂದ ಕೂಡಲೇ ಕೋಳಿ ಬೀಳಲಿ. ಶುಂಠಿ ಕಪ್ಪಾದರೆ ಕಹಿ ತಪ್ಪದು.

ಮೀನು ತಿನ್ನುವವರು ಕಾಣೆ ಮೀನನ್ನು ತಟ್ಟೆಯಲ್ಲಿಟ್ಟು, ಕೆಳಗೂ ಮೇಲೂ ಶುಂಠಿಯ ತೆಳು ಎಳೆ ಹರಡಿ, ಇಡ್ಲಿ ಪಾತ್ರೆಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಹೊಸ ಶುಂಠಿ ಎಳೆ, ಈರುಳ್ಳಿ ಸೊಪ್ಪು, ಒಂದು ಚಮಚ ಸೋಯಾ ಸಾಸು ಹಾಕಿ, ಮೇಲೆ ಚೆನ್ನಾಗಿ ಕಾದ ಎಣ್ಣೆ ಹೊಯ್ಯಿರಿ. ಚುಂಯ್ ಎನ್ನುವ ಆ ಸದ್ದಿನಲ್ಲೇ ಅರ್ಧ ಹೊಟ್ಟೆ ತುಂಬುತ್ತದೆ. ಕ್ಯಾಂಟನ್ನಿನವರ ಪದ್ಧತಿ ಇದು. ಶುಂಠಿ ಹಾಕಿದ ಬಂಗುಡೆ ಪುಳಿಮುಂಚಿ, ಕೊಂಕಣಿಗರ ಆಲ್ಲೆ-ಪಿಯಾವು ಅಂಬಟ್ ತಿಂದ ನಾಲಗೆಗೆ ಅಪರಿಚಿತವೇನಲ್ಲ. ಮೀನಿಗೆ ಶುಂಠಿ ಬೇಕೆಂಬುದು ಇಬ್ಬರಿಗೂ ತಿಳಿದಿತ್ತು.

ಸಸ್ಯಾಹಾರಿಗಳಿಗೆ ಹೂಕೋಸೇ ಆಗಬೇಕೆಂದಿಲ್ಲ. ಎಳೆ ಹಲಸಿನ ಗುಜ್ಜೆಯನ್ನು ಅರ್ಧ ಬೇಯಿಸಿ, ಹಿಟ್ಟಿನಲ್ಲಿ ಅದ್ದಿ ಕರಿದು, ಶುಂಠಿ ಒಗ್ಗರಣೆಗೆ ಹಾಕಿ. ಬಣ್ಣ ಬೇಕೆಂದರೆ ಬ್ಯಾಡಗಿ ಮೆಣಸನ್ನು ನೆನೆಸಿ ಅರೆಯಿರಿ; ಕೆಂಪು ಹೆಚ್ಚು, ಖಾರ ಕಡಿಮೆ. ನನ್ನ ಮೊಮ್ಮಗ ಮೊದಲ ದಿನ ‘ಅಂಗಡಿಯಷ್ಟು ಕೆಂಪಿಲ್ಲ’ ಎಂದು ಮುಖ ಸಿಂಡರಿಸಿದ. ಆದರೆ ತಟ್ಟೆ ಖಾಲಿಯಾಯಿತು, ಬೆರಳು ಒಂದೇ ತೊಳೆತಕ್ಕೆ ಶುಚಿಯಾಯಿತು. ನನಗೆ ಅಷ್ಟು ಸಾಕು.

ಕೊನೆಯದಾಗಿ ಒಂದು ಮಾತು. ೨೦೨೩ರಲ್ಲಿ ಶುಂಠಿ ಕಿಲೋಗೆ ೨೦೦ ರೂಪಾಯಿ ದಾಟಿದಾಗ ನಾವೆಲ್ಲ ಹೌಹಾರಿದೆವು. ಬೈಲ್ ಎಂದರೆ ಗದ್ದೆ. ಇಂದು ದೇರೆಬೈಲಿನಲ್ಲಿ ಮಹಡಿ ಮನೆಗಳೇ ಎದ್ದು ನಿಲ್ಲುತ್ತಿವೆ. ‘ಹಿತ್ತಲ ಗಿಡ ಮದ್ದಲ್ಲ’ ಎನ್ನಲು ಹಿತ್ತಲಾದರೂ ಎಲ್ಲಿದೆ ಎಂದು ಕೇಳುತ್ತೀರಿ. ಸಮುದ್ರದ ನಡುವೆ ಹಡಗಿನವರಿಗೆ ಹಿತ್ತಲಿತ್ತೇ? ಮೇ ತಿಂಗಳಲ್ಲಿ ಮೊದಲ ಮಳೆಯ ಹೊತ್ತಿಗೆ ಮೊಳಕೆ ಬಂದ ಒಂದು ತುಂಡನ್ನು ಬಾಲ್ಕನಿಯ ಹಳೆ ಬಕೆಟಿನಲ್ಲಿ ಊರಿ, ತಳಕ್ಕೆ ತೂತಿರಲಿ, ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಆರು ತಿಂಗಳಿಗೆ ಎಳೆ ಶುಂಠಿ, ಎಂಟಕ್ಕೆ ಬಲಿತದ್ದು ಸಿಕ್ಕೀತು. ಅಗೆಯುವ ಕೆಲಸ ಮಾತ್ರ ಮೊಮ್ಮಕ್ಕಳಿಗೆ ಬಿಡಿ. ಮಣ್ಣಿನಿಂದ ತೆಗೆದದ್ದನ್ನು ಮಕ್ಕಳು ಬೇಡವೆನ್ನುವುದು ಕಡಿಮೆ.