ಆಕಳ ಹೊಟ್ಟೆಗೆ ತಗಲುವ ಬೂಷ್ಟು: ಪಂಚಾಯತಿ ಸದಸ್ಯರ ಗಮನಕ್ಕೆ



ಭೈರುಂಬೆಯಂತಹ ಮಳೆಯ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯದ ವಸ್ತು ವಿರಳ. ಅಟ್ಟದ ಒಣಹುಲ್ಲೂ ಮೂಲೆಯ ಹಿಂಡಿ ಚೀಲವೂ ಅದಕ್ಕೆ ಹೊರತಲ್ಲ. ಆದರೂ ಬೂಷ್ಟು ಹುಲ್ಲು ತಿಂದ ದನಗಳಿಗೆಲ್ಲ ಹೊಟ್ಟೆಯ ಶಿಲೀಂಧ್ರ ಸೋಂಕು ತಗಲುವುದಿಲ್ಲ. ಆಕಳ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಹೊರಗಿನ ಬೂಷ್ಟಿಗೆ ಎಡೆಗೊಡುವುದಿಲ್ಲ. ಅವುಗಳಲ್ಲಿ ಕೆಲವು ಸ್ವತಃ ಶಿಲೀಂಧ್ರಗಳೇ; ಹುಲ್ಲಿನ ನಾರನ್ನು ಒಡೆಯುವುದು ಅವುಗಳ ಕೆಲಸ. 1975ರಲ್ಲಿ ಕಾಲಿನ್ ಆರ್ಪಿನ್ ಎಂಬ ವಿಜ್ಞಾನಿ ಗುರುತಿಸುವವರೆಗೆ ಇವು ಶಿಲೀಂಧ್ರಗಳೆಂದೇ ತಿಳಿದಿರಲಿಲ್ಲ.

ಈ ಕಾವಲು ಮುರಿಯುವುದು ಹೆಚ್ಚಾಗಿ ಮನುಷ್ಯರ ಕೈಯಿಂದಲೇ. ಮದುವೆ, ಉಪನಯನಗಳಲ್ಲಿ ಉಳಿದ ಅನ್ನವನ್ನು ಚೆಲ್ಲಲು ಮನಸ್ಸಾಗದೆ ಬಾನಿಗೆ ಸುರಿಯುವುದುಂಟು. ಉದ್ದೇಶ ಒಳ್ಳೆಯದೇ, ಪರಿಣಾಮ ಹಾಗಿಲ್ಲ. ಮಿತಿಮೀರಿದ ಅನ್ನ ರೂಮೆನ್‌ನಲ್ಲಿ ಹುಳಿಯಾಗಿ ಆಮ್ಲವಾಗುತ್ತದೆ. ಸಹಜವಾಗಿ 6ರಿಂದ 7ರಷ್ಟಿರಬೇಕಾದ ಪಿಎಚ್ 5ಕ್ಕಿಂತ ಕೆಳಗಿಳಿಯುತ್ತದೆ. ಉಪಕಾರಿ ಜೀವಿಗಳು ಸಾಯುತ್ತವೆ, ಹೊಟ್ಟೆಯ ಒಳಪದರ ಸುಡುತ್ತದೆ. ಮೇವಿನೊಡನೆ ಬಂದ ಆಸ್ಪರ್ಜಿಲ್ಲಸ್, ಮ್ಯೂಕರ್, ರೈಜೋಪಸ್ ಜಾತಿಯ ಬೂಷ್ಟುಗಳು ಆ ಗಾಯದಲ್ಲಿ ಬೇರೂರಿ ರಕ್ತನಾಳಗಳನ್ನು ಕಟ್ಟಿಬಿಡುತ್ತವೆ. ಕೆಲವೊಮ್ಮೆ ಯಕೃತ್ತಿಗೂ ಹಬ್ಬುತ್ತವೆ.

ಇಲ್ಲಿ ಮೋಸಹೋಗುವುದು ಸುಲಭ. ಅನ್ನ ತಿಂದು ಮಲಗಿದ ಆಕಳು ಒಂದೆರಡು ದಿನಗಳಲ್ಲಿ ಚೇತರಿಸಿದಂತೆ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅದರ ಬೆನ್ನಿಗೇ ಅದು ಮತ್ತೆ ಮೇವು ಬಿಟ್ಟು ಕುಸಿಯುತ್ತದೆ. ಆ ಹಂತದಲ್ಲಿ ಚಿಕಿತ್ಸೆ ಫಲಿಸುವುದು ಅಪರೂಪ. ಆದ್ದರಿಂದ ವೈದ್ಯರನ್ನು ಕರೆಸಬೇಕಾದದ್ದು ಅನ್ನ ತಿಂದ ದಿನವೇ. ಪಶು ಸಹಾಯವಾಣಿ 1962. ವೈದ್ಯರ ಸಲಹೆಯಿಲ್ಲದೆ ಬಾಯಿಗೆ ಹಾಕುವ ಆ್ಯಂಟಿಬಯಾಟಿಕ್ ಗುಳಿಗೆಗಳೂ ಉಪಕಾರಿ ಜೀವಿಗಳನ್ನು ಕೊಂದು ಬೂಷ್ಟಿಗೆ ದಾರಿ ಮಾಡುತ್ತವೆ.

ಸಮುದಾಯ ಭವನವನ್ನು ಬಾಡಿಗೆಗೆ ಕೊಡುವಾಗ ಉಳಿದ ಅನ್ನ ಗೊಬ್ಬರಗುಂಡಿಗೆ ಹೋಗಬೇಕೆಂಬ ಷರತ್ತನ್ನು ಪಂಚಾಯತಿ ವಿಧಿಸಬಹುದು. ಹುಲ್ಲನ್ನು ನೆಲಕ್ಕೆ ತಾಗದಂತೆ ಅಡಿಕೆ ದಬ್ಬೆಯ ಮೇಲೆ, ಗಾಳಿಯಾಡುವಂತೆ ಒಟ್ಟುವ ಪದ್ಧತಿ ಹಳೆಯದು. ತಗಡಿನ ಕೊಟ್ಟಿಗೆಗಳು ಬಂದ ಮೇಲೂ ಅದನ್ನು ಬಿಡಬಾರದು. ಬೂಷ್ಟು ಹಿಡಿದ ಹುಲ್ಲು ಗೊಬ್ಬರಕ್ಕಾದೀತು, ಮೇವಿಗಲ್ಲ.

ಈ ರೋಗ ಖಚಿತವಾಗುವುದು ಬಹುತೇಕ ಮರಣೋತ್ತರ ಪರೀಕ್ಷೆಯಲ್ಲಿಯೇ. ದನ ಸತ್ತ ಮನೆಯಲ್ಲಿ ಗುಂಡಿ ತೋಡುವ ಮುನ್ನ ಪಶುವೈದ್ಯರಿಗೆ ಸುದ್ದಿ ಮುಟ್ಟಿಸುವುದು ಆಯಾ ವಾರ್ಡಿನ ಸದಸ್ಯರಿಂದ ಆಗಬೇಕಾದ ಕೆಲಸ. ಕೊಟ್ಟಿಗೆಯಲ್ಲಿ ಉಳಿದ ದನಗಳೂ ಅದೇ ಬಾನಿಯಿಂದ ತಿಂದಿರುತ್ತವೆ.